ತಂಪಣ್ಣನ ಕಿವಿ

ತಂಪಣ್ಣ ಬೀದಿಯಲ್ಲಿ ಬರುವಾಗ ಮೊದಲು ಬರುತ್ತಿದ್ದುದು ಅವನ ಬಲಗಿವಿ. ಒಂದು ಮಾರು ಹಿಂದುಳಿದ ದೇಹ, ಲೆಕ್ಕವಿಲ್ಲದಷ್ಟು ಜೇಬುಗಳ ಖಾಕಿ ಕೋಟನ್ನು ಹೊತ್ತು, ಓರೆಯಾಗಿ ಅದನ್ನು ಹಿಂಬಾಲಿಸುತ್ತಿತ್ತು. ಏಸಿ ರಿಪೇರಿ ಅವನ ವೃತ್ತಿ, ಆಲಿಸುವುದು ವ್ಯಸನ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದನೆಂದರೆ ಯಂತ್ರದ ಅಂತರಂಗವೆಲ್ಲ ಅವನಿಗೆ ಕರತಲಾಮಲಕ. ಎದುರುಮನೆಯ ಏಸಿ ಮುಂದಿನ ಬೇಸಿಗೆಯಲ್ಲಿ ಕೆಮ್ಮಲಿರುವುದನ್ನು ಈ ಚಳಿಗಾಲದಲ್ಲೇ ಕೇಳಿಸಿಕೊಂಡನೆಂದು ಬೀದಿಯವರು ಆಣೆ ಮಾಡುತ್ತಾರೆ. ಆಣೆ ಮಾಡದವರ ಏಸಿಯನ್ನು ಅವನು ಮುಟ್ಟುವುದಿಲ್ಲವಾದ್ದರಿಂದ ಈ ವಿಷಯದಲ್ಲಿ ಭಿನ್ನಾಭಿಪ್ರಾಯವೂ ಇಲ್ಲ. ವಿದ್ಯುತ್ ಅಳೆಯುವ ಮೀಟರು ಮಾತ್ರ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹೊದಿಕೆಯೊಳಗೇ, ಚೀಲದ ತಳದಲ್ಲಿ ಕನ್ಯೆಯಾಗಿ ಉಳಿದಿತ್ತು. "ಅದೆಲ್ಲ ಕಿವಿ ಮಂದ ಇರೋರಿಗೆ ಕಣಯ್ಯಾ" ಎನ್ನುತ್ತಿದ್ದ.

ಇಂಥ ಶೂರನಿಗೆ ಭಯವೆಂದರೆ ಒಬ್ಬಳೇ, ಕೇಕಿನ ಅಂಗಡಿ ನಡೆಸುವ ಅವನ ಅಕ್ಕ. ಒಂದು ಮಧ್ಯಾಹ್ನ ಅವಳಿಂದ ಕರೆ ಬಂತು. ಸಂಜೆಯೊಳಗೆ ಮದುವೆ ಮನೆಗೆ ಹೋಗಬೇಕಾದ ನಾಲ್ಕು ಅಂತಸ್ತಿನ ಕೇಕು, ಅಂಗಡಿ ತೆರೆದಂದಿನಿಂದ ಬಂದ ಅತಿ ದೊಡ್ಡ ಆರ್ಡರು, ಏಸಿ ಕೆಟ್ಟ ಕೋಣೆಯಲ್ಲಿ ಬೆವರುತ್ತಿತ್ತು. ಮೇಲಿನ ಅಂತಸ್ತು ಕೆಳಗಿನವರ ಯೋಗಕ್ಷೇಮ ವಿಚಾರಿಸುವಂತೆ ಆಗಲೇ ಬಾಗಿತ್ತು.

ತಂಪಣ್ಣ ಹೊರಗಿನ ಯಂತ್ರಕ್ಕೆ ಕಿವಿಗೊಟ್ಟ. ಫ್ಯಾನು ತಿರುಗುತ್ತಿತ್ತು, ಕಂಪ್ರೆಸರು ಮಾತ್ರ ನಿಶ್ಶಬ್ದ.

"ಹೋಯ್ತಕ್ಕಾ. ಕಂಪ್ರೆಸರ್ ತೀರ್ಕೊಂಡಿದೆ. ಒಂದು ನಿಟ್ಟುಸಿರೂ ಇಲ್ಲ."

"ಸದ್ದಿಲ್ಲ ಅಂದ್ರೆ ಸತ್ತಿದೆ ಅಂತನಾ? ನೀನು ನಾಲ್ಕು ವರ್ಷ ತುಂಬೋವರ್ಗೂ ಬಾಯೇ ಬಿಡ್ಲಿಲ್ಲ, ನಿನ್ನನ್ನೇನು ಗುಜರಿಗೆ ಹಾಕಿದ್ವಾ? ತೆಗಿ ಆ ಮೀಟರ್‌ನ!"

"ಅದರ ಅವಶ್ಯಕತೆ ಏನಿದೆ ಅಂದ್ರೆ..."

"ಕೇಕ್ ಬಿದ್ರೆ ನಿನ್ನ ತಲೆ ಮೇಲೇ ಬೀಳೋದು. ನಾನೇ ಎತ್ತಿ ಹಾಕ್ತೀನಿ."

ಬಾಗಿದ ಕೇಕನ್ನೂ ಅಕ್ಕನ ಮುಖವನ್ನೂ ನೋಡಿ, ಅವನು ಮೀಟರಿನ ಹೊದಿಕೆ ಹರಿದ. ಕಂಟ್ರೋಲ್ ಬೋರ್ಡು ಪಾಪ, ತನ್ನ ಅಪ್ಪಣೆಯನ್ನು ಸರಿಯಾಗಿಯೇ ಕಳುಹಿಸುತ್ತಿತ್ತು. ಆ ಅಪ್ಪಣೆ ಬಂದೊಡನೆ ಕಂಪ್ರೆಸರಿಗೆ ವಿದ್ಯುತ್ ಹರಿಸಬೇಕಾದ ಕಾಂಟಾಕ್ಟರ್ ಎಂಬ ಸ್ವಿಚ್ಚಿನಲ್ಲಿ ಮಾತ್ರ, ಈಚೆ ಬಂದ ಕರೆಂಟು ಆಚೆ ಹೋಗುತ್ತಿರಲಿಲ್ಲ. ಮೇನ್ ಸ್ವಿಚ್ ಆರಿಸಿ ಬಿಚ್ಚಿದರೆ, ಕೂಡಬೇಕಾದ ಎರಡು ಲೋಹದ ತುಂಡುಗಳ ನಡುವೆ ಇರುವೆಗಳ ಒಂದಿಡೀ ಸಾಮ್ರಾಜ್ಯ ಸತ್ತು ಹೆಪ್ಪುಗಟ್ಟಿತ್ತು! ಕೇಕಿನ ಕೋಣೆಗೆ ಸಕ್ಕರೆಯಾತ್ರೆ ಹೊರಟವು, ದಾರಿಯಲ್ಲಿ ಬಿಡಾರ ಹೂಡಿ ಕೆಟ್ಟಿದ್ದವು. ಬ್ರಶ್ಶಿನಿಂದ ಗುಡಿಸಿ, ಒರೆಸಿ, ಮುಚ್ಚಿ, ಸ್ವಿಚ್ ಒತ್ತಿದ. ಕಂಪ್ರೆಸರು ಗುಂಯ್ ಎಂದಿತು.

"ಅಕ್ಕಾ, ನಾನು ಹೇಳಿದ್ದು ಶುದ್ಧ ಸುಳ್ಳು ಕಣಕ್ಕಾ! ಬದುಕಿದೆ!" ಎಂದು ತಂಪಣ್ಣ, ಜೇಬುಗಳ ಕಬ್ಬಿಣವೆಲ್ಲ ಘಲಘಲಿಸುವಂತೆ ಕುಣಿದ. ಅಕ್ಕ ತಿರುಗಿಯೂ ನೋಡದೆ, ತಂಪಾಗುತ್ತಿದ್ದ ಕೋಣೆಯಲ್ಲಿ ಕೇಕಿನ ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ಸಂಜೆ ಅದು ತಲೆಯೆತ್ತಿಕೊಂಡೇ ವ್ಯಾನು ಹತ್ತಿತು.

ರೋಗಿ ಸತ್ತರೂ ಚಿಂತೆಯಿಲ್ಲ, ತಮ್ಮ ಮಾತು ಬದುಕಿದರೆ ಸಾಕೆನ್ನುವ ಪಂಡಿತರು ಲೋಕದಲ್ಲಿ ಧಾರಾಳವಾಗಿದ್ದಾರೆ. ತಂಪಣ್ಣನ ಕುಲ ಬೇರೆ. ಆನೆಯಷ್ಟು ಜಂಬವಿದ್ದರೂ, ಸತ್ತಿತೆಂದು ತಾವೇ ಸಾರಿದ್ದು ಉಸಿರಾಡಿದೊಡನೆ ಆ ಆನೆಯನ್ನು ಅಲ್ಲೇ ಬಿಟ್ಟು ಕುಣಿಯಬಲ್ಲವರು ಅವರು. ಅಂಥವರು ಬಡಾಯಿ ಕೊಚ್ಚತೊಡಗಿದರೆ, ಕುರ್ಚಿ ಎಳೆದುಕೊಂಡು ಇನ್ನಷ್ಟು ಹತ್ತಿರ ಕೂರಬೇಕೆನಿಸುತ್ತದೆ.