ಹನ್ನೊಂದು ಗಂಟೆಯ ನಂತರದ ನೀರು

ಎಲ್ಲದಕ್ಕೂ ‘ಯಾಕೆ’ ಎಂದು ಕೇಳುವ ಚಟವಿದ್ದುದರಿಂದ ಚಿಕ್ಕಂದಿನಲ್ಲೇ ಅವಳಿಗೆ ‘ಯಾಕಮ್ಮ’ ಎಂಬ ಹೆಸರು ಬಿದ್ದಿತ್ತು. ಈಗ ಐವತ್ತು ದಾಟಿ, ಸ್ವಂತ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರೂ ಚಟ ಬಿಟ್ಟಿರಲಿಲ್ಲ. ಅಂಗಡಿಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಅವಳ ಮನೆ. ಸೊಂಟದ ಮೂಳೆ ಮುರಿದುಕೊಂಡ ತಾಯಿಗೆ ಆ ಮೆಟ್ಟಿಲು ಆಗದ ಮಾತು. ಹಾಗಾಗಿ ಎಂಟು ತಿಂಗಳಿಂದ ಅವರು ಎರಡು ಬೀದಿಯಾಚೆಯ ವೃದ್ಧಾಶ್ರಮದಲ್ಲಿದ್ದರು.

ಒಂದು ಬುಧವಾರ ಸಂಜೆ ತಾಯಿಯ ಅಂಗಿ ಸರಿಪಡಿಸಲು ಹೋದರೆ, ಭುಜದ ಹೊಲಿಗೆ ಇರಬೇಕಾದ ಜಾಗಕ್ಕಿಂತ ಎರಡು ಬೆರಳು ಕೆಳಗೆ ಜಾರಿತ್ತು. ತಾನೇ ಅಳತೆ ತೆಗೆದು ಹೊಲಿದ ಅಂಗಿ. ತಾಯಿಯ ತುಟಿ ಒಡೆದು ಸಿಪ್ಪೆ ಎದ್ದಿತ್ತು. ಮಂಚದ ಪಕ್ಕದ ಲೋಟದಲ್ಲಿ ನೀರು ಕಂಠಮಟ್ಟ ತುಂಬಿತ್ತು.

“ನೀರು ಯಾಕೆ ಕುಡಿದಿಲ್ಲ?”

“ಬಾಯಾರಿಕೆ ಇಲ್ಲ ಕಣೆ.”

ಹಾಗೆಂದ ತಾಯಿ, ಗಡಿಯಾರದಲ್ಲಿ ಆರು ಗಂಟೆಯಾದದ್ದೇ ತಡ, ಲೋಟ ಎತ್ತಿ ಗಟಗಟನೆ ಕುಡಿದರು. ಯಾಕಮ್ಮ ಸುತ್ತ ನೋಡಿದಳು. ಕೋಣೆಯ ಆರು ಮಂಚದವರೂ ಅದೇ ಹೊತ್ತಿಗೆ ಲೋಟಕ್ಕೆ ಕೈ ಹಾಕಿದ್ದರು. ಆರು ಜನಕ್ಕೂ ಒಂದೇ ಗಳಿಗೆಯಲ್ಲಿ ಬಾಯಾರುವುದುಂಟೆ?

ಅದು ಅವಳ ತಲೆ ಕೊರೆಯಿತು. ಮರುದಿನ ಅಂಗಡಿಗೆ ಬೀಗ ಹಾಕಿ, ಅಂಚು ಹೊಲಿಯಬೇಕಿದ್ದ ಬಟ್ಟೆಗಳನ್ನು ಚೀಲಕ್ಕೆ ತುರುಕಿಕೊಂಡು ಬೆಳಿಗ್ಗೆಯೇ ಬಂದು ಆಶ್ರಮದ ಕಾರಿಡಾರಿನ ಬೆಂಚಿನಲ್ಲಿ ಕೂತಳು.

ಮೊದಮೊದಲು ಮೂವರು ಆಯಾಗಳು ಓಡಾಡುತ್ತಿದ್ದರು. ಇಬ್ಬರು ರಾತ್ರಿ ಪಾಳಿಯವರು. ಪಾಳಿ ಮುಗಿದಿದ್ದರೂ ಸ್ನಾನ, ತಿಂಡಿ ಮುಗಿಸಿಕೊಡಲು ನಿಂತಿದ್ದರು. ಹನ್ನೊಂದಕ್ಕೆ ಅವರೂ ಹೊರಟರು. ಇಪ್ಪತ್ತಮೂರು ಮಂದಿಗೆ ಉಳಿದವಳು ಒಬ್ಬಳು. ಬಾಗಿಲುಗಳ ಮೇಲೆ, ಒಳಗಿನವರು ಬೆಲ್ ಒತ್ತಿದರೆ ಹತ್ತುವ ಒಂದು ಕೆಂಪು ದೀಪ ಆರುವಷ್ಟರಲ್ಲಿ ಇನ್ನೆರಡು ಹತ್ತಿಕೊಳ್ಳುತ್ತಿದ್ದವು. ಒಬ್ಬರಿಗೆ ಊಟ ತಿನ್ನಿಸುತ್ತಲೇ ಇನ್ನೊಬ್ಬರಿಗೆ “ಬಂದೆ, ಬಂದೆ” ಎಂದು ಕೂಗುತ್ತಾ ಅವಳು ಬುಗುರಿಯಂತೆ ತಿರುಗುತ್ತಿದ್ದಳು.

“ಬೋರ್ಡಲ್ಲಿ ಹಗಲು ಪಾಳಿಗೆ ಮೂರು ಹೆಸರಿದೆಯಲ್ಲಮ್ಮ, ಉಳಿದಿಬ್ಬರು ಎಲ್ಲಿ?” ಯಾಕಮ್ಮ ಕೇಳಿದಳು.

“ಒಬ್ಬಳು ಕೆಲಸ ಬಿಟ್ಟು ನಾಲ್ಕು ತಿಂಗಳಾಯ್ತು. ಇನ್ನೊಬ್ಬಳು ಅದಕ್ಕೂ ಮುಂಚೆ.”

“ಮತ್ತೆ ಹೆಸರು ಯಾಕೆ ಅಳಿಸಿಲ್ಲ?”

“ಅಳಿಸೋಕಾದ್ರೂ ಒಬ್ಬರು ಬೇಕಲ್ಲಕ್ಕಾ!” ಆಯಾ ನಕ್ಕಳು. ನಗು ಮುಗಿಯುವ ಮೊದಲೇ ಓಡಿದಳು.

ಎದುರು ಕೋಣೆಯ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲಿದ್ದ ಮುದುಕರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನಲವತ್ತು ವರ್ಷ ಕ್ಷೌರದಂಗಡಿ ನಡೆಸಿದವರು. ಎಲ್ಲರೂ ಅವರನ್ನು ‘ಕತ್ತರಿ ತಾತ’ ಎನ್ನುತ್ತಿದ್ದರು. ಯಾಕಮ್ಮ ನೀರಿನ ವಿಷಯ ತೆಗೆದಾಗ ಅವರು ದನಿ ತಗ್ಗಿಸಿದರು.

“ಇದು ನಾವೇ ಮಾಡ್ಕೊಂಡ ಕಟ್ಟುಪಾಡಮ್ಮ. ಹನ್ನೊಂದಾದ ಮೇಲೆ, ಆರಕ್ಕೆ ರಾತ್ರಿ ಪಾಳಿಯವರು ಬರೋವರೆಗೆ ಯಾರೂ ನೀರು ಕುಡಿಯೋ ಹಾಗಿಲ್ಲ. ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕು. ನಮ್ಮಂಥವರನ್ನ ಎತ್ತೋಕೆ ಇಬ್ಬರು ಬೇಕು, ಇರೋದು ಒಬ್ಬಳು. ಹೋದ ತಿಂಗಳು ನಾನು ತಲೆ ತಿರುಗಿ ಬಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ.”

“ಇದು ಯಾರ ತಲೆಯಿಂದ ಬಂತು ತಾತ?”

“ಯಾರದು ಅಂದ್ರೆ... ನಿಮ್ಮಮ್ಮನದ್ದೇ!”

ಯಾಕಮ್ಮ ದಡದಡನೆ ತಾಯಿಯ ಬಳಿ ಹೋದಳು. ತಾಯಿ ಇಲ್ಲ ಎನ್ನಲಿಲ್ಲ. ಅವರು ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು.

“ನೂರು ಲೈನಿನ ಬೋರ್ಡಿಗೆ ಒಬ್ಬಳೇ ಕೂತರೆ ಹೇಗಿರುತ್ತೆ ಅಂತ ನಿನಗೇನು ಗೊತ್ತು? ಆ ಹುಡುಗಿ ಒಂದಿನ ನನ್ನನ್ನ ಒಬ್ಬಳೇ ಎತ್ತೋಕೆ ಹೋಗಿ, ನಡು ಹಿಡ್ಕೊಂಡು ನೆಲದ ಮೇಲೆ ಕೂತುಬಿಟ್ಟಳು. ಹೊಸಬರು ಬರೋವರೆಗಾದ್ರೂ ಕರೆ ಕಮ್ಮಿ ಮಾಡೋಣ ಅಂತ ನಾನೇ ಎಲ್ಲರಿಗೂ ಹೇಳಿದೆ.”

“ತಾತ ಬಿದ್ದ ಮೇಲೂ?”

ತಾಯಿ ಗೋಡೆಯ ಕಡೆ ಮುಖ ತಿರುಗಿಸಿದರು. “ಆವತ್ತಿಂದ ನನಗೂ ಸರಿಯಾಗಿ ನಿದ್ದೆ ಇಲ್ಲ.”

ಜಗಳಕ್ಕೆಂದೇ ಟೊಂಕ ಕಟ್ಟಿ ಯಾಕಮ್ಮ ಮ್ಯಾನೇಜರ್ ಕೋಣೆಗೆ ನುಗ್ಗಿದಳು. ನೀರಿನ ಕಥೆ ಕೇಳಿ ಅವರ ಮುಖ ಬಿಳಿಚಿಕೊಂಡಿತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

“ನಾಲ್ಕು ಸಲ ಜಾಹೀರಾತು ಕೊಟ್ಟಿದ್ದೀವಮ್ಮ. ಯಾರೂ ಬರಲ್ಲ.”

“ಯಾಕೆ ಬರಲ್ಲ?”

“ಹನ್ನೆರಡು ಗಂಟೆ ಪಾಳಿ ಅಂದ ತಕ್ಷಣ ಫೋನ್ ಇಡ್ತಾರೆ.”

“ಹನ್ನೊಂದರಿಂದ ನಾಲ್ಕರವರೆಗೆ ಮಾತ್ರ ಅಂದ್ರೆ? ಮಕ್ಕಳನ್ನ ಸ್ಕೂಲಿಗೆ ಕಳಿಸಿ ಖಾಲಿ ಕೂರೋ ಎಷ್ಟೋ ಜನ ನನ್ನ ಅಂಗಡಿಗೆ ಬರ್ತಾರೆ.”

“ಅರ್ಧ ಪಾಳಿಗೆ ಮೇಲಿನವರು ಒಪ್ಪಲ್ಲ.”

ಯಾಕಮ್ಮ ಆಶ್ರಮದಲ್ಲಿದ್ದ ಒಬ್ಬೊಬ್ಬರ ಮನೆಗೂ ಫೋನ್ ಮಾಡಿದಳು. ಭಾನುವಾರ ಮಧ್ಯಾಹ್ನ ಮೂರಕ್ಕೆ ಹದಿನೇಳು ಮನೆಯವರು ಬಂದರು. ತಂತಮ್ಮ ಹಿರಿಯರ ಮಂಚದ ಪಕ್ಕದಲ್ಲಿದ್ದ ತುಂಬಿದ ಲೋಟವನ್ನು ಎತ್ತಿ ತಂದು ಮ್ಯಾನೇಜರ್ ಮೇಜಿನ ಮೇಲಿಟ್ಟರು. ಯಾರೂ ದನಿ ಏರಿಸಲಿಲ್ಲ. ಫೈಲುಗಳನ್ನು ನೆಲಕ್ಕಿಳಿಸಿ ಜಾಗ ಮಾಡಬೇಕಾಯಿತು. ಮ್ಯಾನೇಜರ್ ಅದರ ಫೋಟೋ ತೆಗೆದು, ಅಲ್ಲೇ ನಿಂತು ಮೇಲಿನವರಿಗೆ ಕಳಿಸಿದರು.

ಗುಟ್ಟು ರಟ್ಟು ಮಾಡಿದಳೆಂದು ತಾಯಿ ಎರಡು ದಿನ ಮಗಳೊಂದಿಗೆ ಮಾತು ಬಿಟ್ಟರು. ತಪ್ಪೆಲ್ಲ ತನ್ನ ಮೇಲೆಯೇ ಬರುತ್ತದೇನೋ ಎಂದು ಹೆದರಿದ್ದ ಆಯಾ ಮಾತ್ರ, ಮ್ಯಾನೇಜರ್ ತಾವೇ ಬಂದು ಬೋರ್ಡಿನ ಹಳೆಯ ಹೆಸರುಗಳನ್ನು ಒರೆಸಿದಾಗ ಗೋಡೆಗೊರಗಿ ನಿಂತು ಉಸಿರುಬಿಟ್ಟಳು.

ಮೇಲಿನವರು ಒಪ್ಪಿದರು. ಮೂರು ವಾರದಲ್ಲಿ ಅರ್ಧ ಪಾಳಿಗೆ ಇಬ್ಬರು ಹೆಂಗಸರು ಬಂದರು. ತಿಂಗಳೊಳಗೆ ಒಬ್ಬಳು ಬಿಟ್ಟುಹೋದಳು. ಅವಳ ಜಾಗಕ್ಕೆ ಹುಡುಕಾಟ ನಡೆದೇ ಇದೆ. ನಾಲ್ಕರಿಂದ ಆರರವರೆಗೆ ಈಗಲೂ ಕಷ್ಟವೇ. ಆದರೆ ಕತ್ತರಿ ತಾತ ನಡುಮಧ್ಯಾಹ್ನ ಎರಡು ಲೋಟ ಕುಡಿದು ಗತ್ತಿನಿಂದ ಬೆಲ್ ಒತ್ತುತ್ತಾರೆ.

ಯಾಕಮ್ಮನ ತಾಯಿ ಬೆಲ್ ಒತ್ತಿದ್ದು ಹೊಸಬರು ಬಂದ ಮೂರನೆಯ ದಿನ. ಹಳೆಯ ಆಯಾ, ಮುಂದೆ ಉಳಿದುಕೊಂಡ ಆ ಹೊಸಬಳು ಇಬ್ಬರೂ ಸೇರಿ ಅವರನ್ನು ಹೂವಿನಂತೆ ಎತ್ತಿ ಕರೆದೊಯ್ದರು, ಕರೆತಂದರು. ಹೊಸಬಳು ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು.

“ಕೆಲಸ ಅಚ್ಚುಕಟ್ಟು,” ದಿಂಬಿಗೆ ಒರಗುತ್ತಾ ತಾಯಿ ಮಗಳಿಗೆ ಹೇಳಿದರು. “ಬಾಯಿಗೆ ಮಾತ್ರ ಬೀಗ ಇಲ್ಲ. ಅವಳ ಅತ್ತೆ ಮನೆ ಬಿಟ್ಟು ಹೋದ್ರಂತೆ, ಅಷ್ಟರಲ್ಲಿ ನಮ್ಮ ಕೋಣೆ ಬಾಗಿಲು ಬಂತು, ಕಥೆ ನಿಂತೋಯ್ತು. ಇನ್ನೊಂದು ಲೋಟ ನೀರು ಕೊಡು. ಆಮೇಲೇನಾಯ್ತು ಅಂತ ಕೇಳಬೇಕು.”