ಟವಲಿನಡಿಯ ಮಾತು

ಆಗ ಶಿರಾದ ಕುರಿಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಮಾರುವವನೂ ಕೊಳ್ಳುವವನೂ ಕೈಗಳ ಮೇಲೆ ಟವಲು ಮುಚ್ಚಿಕೊಂಡು, ಹಿಡಿದ ಬೆರಳಿನ ಲೆಕ್ಕದಲ್ಲೇ ವ್ಯಾಪಾರ ಮಾಡುತ್ತಿದ್ದರು. ಬಾಯಿ ಎಷ್ಟು ಸುಳ್ಳಾದರೂ ಆಡಲಿ, ಟವಲಿನ ಕೆಳಗೆ ಹಿಡಿದ ಬೆರಳು ಹಿಡಿದ ಹಾಗೆಯೇ. ಅಲ್ಲಿ ಮಾತು ತಪ್ಪಿದವನನ್ನು ಮರುಸಂತೆಗೆ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಗೌಡಗೆರೆ ಕಡೆಯ ಹಟ್ಟಿಯ ಓಬಳಪ್ಪನೂ ಶಿರಾದಲ್ಲಿ ಮಾಂಸದಂಗಡಿ ಇಟ್ಟಿದ್ದ ಬುಡನ್ ಸಾಬನೂ ಸ್ನೇಹಿತರಾದದ್ದು ಹೀಗೆ ಬೆರಳು ಹಿಡಿದೇ. ಜಗಳವನ್ನೂ ಬೇಕಾದಷ್ಟು ಆಡಿದ್ದರು.

ಅರವತ್ತೆರಡರ ಬೇಸಿಗೆಯಲ್ಲಿ ಓಬಳಪ್ಪನ ಹೊಟ್ಟೆ ಊದಿ ಕಣ್ಣು ಹಳದಿಯಾಯಿತು. ಹಟ್ಟಿಯವರು ಕಾಮಾಲೆ ಎಂದು ಬರೆ ಹಾಕಿಸಿದರು. ಹೊಟ್ಟೆ ಇಳಿಯಲಿಲ್ಲ, ಸುಟ್ಟ ಗಾಯ ಮಾತ್ರ ಲಾಭವಾಯಿತು. ಕೊನೆಗೆ ಬುಡನ್ ಸಾಬನೇ ಅವನನ್ನು ಬಸ್ಸು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಹೊಟ್ಟೆಯ ನೀರು ತೆಗೆದು ಇಂಜೆಕ್ಷನ್ ಕೊಟ್ಟರು. ಹೊಟ್ಟೆ ಇಳಿಯಿತು, ಓಬಳಪ್ಪ ಮುದ್ದೆ ಬೇಕೆಂದು ಕೇಳಿದ. ಆದರೆ ಡಾಕ್ಟರು ಬುಡನ್ ಸಾಬನನ್ನು ಆಚೆ ಕರೆದು, ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಕ್ಯಾನ್ಸರ್ ಗಡ್ಡೆ ಇದೆ, ನೀರು ಮತ್ತೆ ತುಂಬಿಕೊಂಡರೆ ಔಷಧಿ ಹಿಡಿಯಲಿಲ್ಲ ಎಂದೇ ತಿಳಿಯಿರಿ ಎಂದರು. ಆಮೇಲೆ ಇಲ್ಲಿಗೆ ತಂದರೂ ಎರಡು ತಿಂಗಳು, ತರದಿದ್ದರೂ ಎರಡು ತಿಂಗಳು. ರೋಗಿಗೆ ಹೇಳಬೇಡಿ ಎಂದೂ ಸೇರಿಸಿದರು. ಸಾಯುವವನೊಬ್ಬನನ್ನು ಬಿಟ್ಟು ಮಿಕ್ಕವರಿಗೆ ಅವನ ಸಾವಿನ ಸುದ್ದಿ ಹೇಳುವುದು ಯಾವ ನ್ಯಾಯವೋ ನನಗಂತೂ ತಿಳಿಯದು.

ಊರಿಗೆ ಬಂದಾಗ ಓಬಳಪ್ಪನ ಹೆಂಡತಿ ಈರಕ್ಕ, ಗಂಡ ಗುಣವಾದನೆಂದು ದೇವರಿಗೆ ಕಾಯಿ ಒಡೆಸಿದಳು. ಬುಡನ್ ಸಾಬ ಡಾಕ್ಟರ ಮಾತನ್ನು ಅವಳಿಗೆ ಹೇಳದೆ, ಅವಳು ಕೊಟ್ಟ ಕಾಯಿಚೂರು ತೆಗೆದುಕೊಂಡು ಶಿರಾಕ್ಕೆ ಹೊರಟ.

ಮುಂಗಾರು ಹಿಡಿಯುವಷ್ಟರಲ್ಲಿ ಹೊಟ್ಟೆ ಮತ್ತೆ ಊದಿತು. ಈರಕ್ಕ ಎದೆಗುಂದಲಿಲ್ಲ. ಒಂದು ಸಲ ಇಳಿದದ್ದು ಇನ್ನೊಂದು ಸಲ ಇಳಿಯದೇ? ಇಡೀ ಮಂದೆಯನ್ನು ಮಾರಿ ಬೆಂಗಳೂರಿಗೆ ಹೋಗುವುದೆಂದು ನಿಶ್ಚಯಿಸಿ ಬುಡನ್ ಸಾಬನಿಗೆ ಹೇಳಿಕಳಿಸಿದಳು. ಆ ಕುರಿಗಳನ್ನು ಬಿಟ್ಟರೆ ಅವರಿಗೆ ಬೇರೆ ಬದುಕಿರಲಿಲ್ಲ.

ಹಟ್ಟಿಯ ಹೊಂಗೆಮರದ ಕೆಳಗೆ ಗೆಳೆಯರಿಬ್ಬರೂ ಎದುರುಬದುರು ಕೂತು ಟವಲು ಮುಚ್ಚಿಕೊಂಡರು. ಈರಕ್ಕ ದೂರದಲ್ಲಿ ಕುರಿರೊಪ್ಪದ ಬಾಗಿಲಲ್ಲಿ ನಿಂತಿದ್ದಳು. ಓಬಳಪ್ಪ ದನಿ ತಗ್ಗಿಸಿದ.

“ಕುರಿ ರೇಟು ಬ್ಯಾಡ ಸಾಬ್ರೇ. ನಂಗೆ ಎಷ್ಟು ತಿಂಗ್ಳು ಅಂತ ಡಾಕ್ಟ್ರು ಯೋಳವ್ರೋ ಅಷ್ಟು ಬೆರಳು ಹಿಡೀರಿ.”

ವಾಸಿಯಾಗುತ್ತದೆ, ಸುಮ್ಮನಿರು ಎಂದು ಬುಡನ್ ಸಾಬ ಗದರಿದ.

“ಬಾಯ್ನಾಗೆ ಬ್ಯಾಡ. ಟವಲ್ನಾಗೆ ಯೋಳಿ.”

ಬುಡನ್ ಸಾಬ ಅವನ ಎರಡು ಬೆರಳು ಹಿಡಿದ. ಬೆಂಗಳೂರಿಗೆ ಹೋದರೆ ಎಂದು ಓಬಳಪ್ಪ ಕೇಳಿದ್ದಕ್ಕೆ ಅಷ್ಟೇ ಎಂದು ತಲೆಯಾಡಿಸಿದ. ಆಗ ಓಬಳಪ್ಪ ತನ್ನ ಮೂರನೆಯ ಬೆರಳನ್ನೂ ಅವನ ಅಂಗೈಗೆ ತುರುಕಿದ. ಚೌಕಾಸಿ ಮಾಡದೆ ಒಂದು ಮೇಕೆಮರಿಯನ್ನೂ ಕೊಳ್ಳದ ಬುಡನ್ ಸಾಬ ಅಂದು ಮರುಮಾತಾಡದೆ ಆ ಬೆರಳನ್ನೂ ಸೇರಿಸಿ ಹಿಡಿದುಕೊಂಡ. ಇಬ್ಬರ ಕಣ್ಣೂ ತುಂಬಿದ್ದವು.

ಓಬಳಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. “ಯಾಪಾರ ಕುದುರ್ಲಿಲ್ಲ ಕಣೇ. ಕುರಿ ಹಟ್ಟೀಲೇ ಇರ್ಲಿ.”

ಈರಕ್ಕ ಬುಡನ್ ಸಾಬನ ಮೇಲೆ ಹರಿಹಾಯ್ದಳು. ಉರಿಯುವ ಮನೆಯಲ್ಲೂ ಗಳ ಹಿರಿಯುವವನೆಂದು ಶಪಿಸಿದಳು. ಹೇಳಬೇಡ ಎಂದು ಓಬಳಪ್ಪ ಕಣ್ಣಿನಲ್ಲೇ ಬೇಡಿಕೊಂಡ. ಬುಡನ್ ಸಾಬ ಬೈಗುಳವನ್ನೆಲ್ಲ ಹೊತ್ತುಕೊಂಡು ಶಿರಾಕ್ಕೆ ನಡೆದ.

ಮೂರನೆಯ ತಿಂಗಳು ತುಂಬುವ ಹೊತ್ತಿಗೆ ಓಬಳಪ್ಪ ತೀರಿಕೊಂಡ. ಮಣ್ಣಿಗೆ ಬಂದ ಬುಡನ್ ಸಾಬನ ಕಡೆ ಈರಕ್ಕ ತಿರುಗಿಯೂ ನೋಡಲಿಲ್ಲ.

ದೀಪಾವಳಿ ಕಳೆದ ಮೇಲೆ ಅವಳು ಎರಡು ಟಗರು ಹೊಡೆದುಕೊಂಡು ಸಂತೆಗೆ ಬಂದಳು. ನೇರವಾಗಿ ಬುಡನ್ ಸಾಬನ ಎದುರು ಕೂತು, ಗಂಡನ ಟವಲು ಹರಡಿ ಅದರಡಿ ಕೈ ಇಟ್ಟಳು. ಹೆಂಗಸರು ಹಾಗೆ ಮಾಡಿದ್ದನ್ನು ಆ ಸಂತೆ ಕಂಡಿರಲಿಲ್ಲ.

“ಅವತ್ತು ನಮ್ಮನೆಯೋರು ಏನ್ ಕೇಳಿದ್ರು ಸಾಬಣ್ಣ? ಕುರಿ ಮಾತಾಗಿದ್ರೆ ಅವ್ರು ಕಣ್ಣೀರಾಕ್ತಿರ್ಲಿಲ್ಲ.”

ಬುಡನ್ ಸಾಬ ಅವಳ ಎರಡು ಬೆರಳು ಹಿಡಿದ. ಡಾಕ್ಟರು ಹೇಳಿದ್ದು ಇಷ್ಟು ತಿಂಗಳು ಎಂದ. ಆಮೇಲೆ ಮೂರನೆಯದನ್ನೂ ಹಿಡಿದ.

“ಇದು ಅವ್ರು ಕೇಳಿದ್ದಾ?”

ಹೌದೆಂದ.

“ಕೊಸರು ಕೇಳ್ದೆ ಬುಡೋರಲ್ಲ ಅವ್ರು,” ಎಂದು ಈರಕ್ಕ ಟವಲನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.