ಎಡೆಯ ವಾರ ಬಂದ ಬಿಳಿ ಅಂಗಿಯವರು

ಸೋಮವಾರ ಸಂಜೆ ಬಿಳಿ ಅಂಗಿ, ಕಪ್ಪು ಪ್ಯಾಂಟು ತೊಟ್ಟು, ಕುತ್ತಿಗೆಗೆ ಟೈ ಬಿಗಿದುಕೊಂಡ ಇಬ್ಬರು ಹುಡುಗರು ಜಗುಲಿ ಹತ್ತಿದಾಗ, ತಮ್ಮ ಹೊಲದ ಹೊಗೆಸೊಪ್ಪು ನೋಡಲು ಬಂದ ಆಫೀಸರುಗಳಿರಬೇಕು ಎಂದುಕೊಂಡಳು ಚಾಮುಂಡಮ್ಮ. ಸೆರಗು ಸರಿಮಾಡಿಕೊಂಡು ಚಾಪೆಯನ್ನೂ ಹಾಸಿದಳು. ಹಿಂದೆಯೇ ಬಂದ ಮಗ ಶಶಿಕುಮಾರ, "ಅವ್ವ, ನಾನು ಯೋಳಿರ್ನಿಲ್ವಾ, ಇವ್ರೇ ಕಣವ್ವ" ಎಂದ. ಹಾಸಿದ ಚಾಪೆಯನ್ನು ಅವರ ಕಾಲ ಕೆಳಗಿಂದ ಎಳೆದುಬಿಡಬೇಕೆನ್ನುವಷ್ಟು ಸಿಟ್ಟು ಬಂತು ಅವಳಿಗೆ.

ಶಶಿ ಹಾಲಿನ ಗಾಡಿ ಓಡಿಸುತ್ತಾನೆ. ಹುಣಸೂರಿನ ಸುತ್ತಮುತ್ತಲ ಹಾಲು ತುಂಬಿಕೊಂಡು ದಿನಾ ಮೈಸೂರಿಗೆ ಹೋಗಿಬರುವ ಕೆಲಸ. ಅಲ್ಲಿ ಯಾರೋ ಪುಕ್ಕಟೆ ಇಂಗ್ಲಿಷ್ ಹೇಳಿಕೊಡುತ್ತಾರೆಂದು ಹೋದವನು ಇಂಗ್ಲಿಷ್ ಕಲಿತನೋ ಬಿಟ್ಟನೋ, ಮಾರ್ಮನ್ ಎಂಬ ಸಭೆಯ ಹುಚ್ಚನ್ನಂತೂ ಹಿಡಿಸಿಕೊಂಡು ಬಂದ. ಏಸುವಿನ ಹೆಸರೇ ಹೇಳುತ್ತಾರೆ, ಆದರೆ ಬೇರೆ ಚರ್ಚಿನವರೇ ಇವರನ್ನು ನಮ್ಮವರಲ್ಲ ಅನ್ನುತ್ತಾರಂತೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಕಾಫಿ ಟೀ ಸಹ ಮುಟ್ಟುವುದಿಲ್ಲ. ಬರುವ ಭಾನುವಾರ ಶಶಿಯನ್ನು ಮೈಸೂರಿನಲ್ಲಿ ನೀರಿಗೆ ಮುಳುಗಿಸಿ ತಮ್ಮವನನ್ನಾಗಿ ಮಾಡಿಕೊಳ್ಳುವವರಿದ್ದರು. ಅದಕ್ಕೆ ಮೊದಲು ಒಂದು ವಾರ ಪಾಠ. ಪಾಠ ನಮ್ಮ ಮನೆಯಲ್ಲೇ ಆಗಲಿ, ಅವ್ವನೂ ಕೇಳಲಿ, ಊಟವೂ ನಮ್ಮದೇ ಎಂದು ಈ ಮಹಾರಾಯ ಒಪ್ಪಿಕೊಂಡು ಬಂದಿದ್ದ.

ಆ ಭಾನುವಾರವೇ ಮಾರ್ನಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಚಾಮುಂಡಮ್ಮನ ಗಂಡ ಪುಟ್ಟಸ್ವಾಮಿ ಸತ್ತು ನಾಲ್ಕು ವರ್ಷವಾಗಿತ್ತು. ಅವನ ಎಡೆಗೆ ಮಗನ ಕೈಯೇ ಆಗಬೇಕು, ಇರುವವನು ಒಬ್ಬನೇ ಮಗ.

"ವರ್ಸದಾಗೆ ಮುನ್ನೂರ ಅರವತ್ತೈದು ದಿನ ಐತೆ. ನಿಮ್ಗೆ ಅಮಾಸೆನೇ ಬೇಕಾಗಿತ್ತಾ?" ಎಂದು ಕೇಳಿದಳು.

"ನಮ್ಗೆ ಭಾನುವಾರನೇ ಪವಿತ್ರ ಅಮ್ಮ" ಎಂದ ಇಬ್ಬರಲ್ಲಿ ತೆಳ್ಳಗಿದ್ದವನು. ಅವನ ಹೆಸರು ಯತೀಶ, ಕೃಷ್ಣರಾಜನಗರದ ಕಡೆ ಮಿರ್ಲೆಯ ಹುಡುಗ. ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ, ಜೇಬಿನ ಮೇಲಿನ ಕಪ್ಪು ಬಿಲ್ಲೆಯಲ್ಲಿ ಮಾತ್ರ 'ಎಲ್ಡರ್' ಎಂದಿತ್ತು. ಹಾಗೆಂದರೆ ಹಿರಿಯರು ಎಂದು ಶಶಿ ಬಿಡಿಸಿ ಹೇಳಿದ. "ಸರೋಯ್ತು ಬುಡು, ಎಡೆಗೆ ಮುಂಚೇನೇ ಇರೀಕ್ರು ಬಂದು ಕುಂತವ್ರೆ" ಎಂದಳು ಅವಳು. ಜೊತೆಯವನು ರಾಜಮಂಡ್ರಿ ಕಡೆಯ ತೆಲುಗಿನ ಹುಡುಗ. ಅರ್ಥವಾಗದೆ ನಕ್ಕ.

ಸಿಟ್ಟು ಎಷ್ಟಿದ್ದರೂ ಮನೆಗೆ ಬಂದವರಿಗೆ ಕಾಫಿ ಕೊಡದೆ ಇರುವುದು ಅವಳಿಂದಾಗದು. ಕೊಟ್ಟಳು. ಅವರು ಮುಟ್ಟಲಿಲ್ಲ. ಕೊಟ್ಟ ಕಾಫಿ ಬೇಡವೆಂದರೆ ನಿಮ್ಮ ಮನೆಯ ನೀರು ನಮಗೆ ಸೇರದು ಎಂದ ಹಾಗೆಯೇ. "ನಮ್ಮನೆ ಲೋಟ ಮುಟ್ಟಕ್ಕಾಗ್ದಷ್ಟು ದೊಡ್ಡ ಕುಲದೋರಾ ನೀವು?" ಎಂದು ಕಣ್ಣು ಕೆಂಪಗೆ ಮಾಡಿದಳು. ಯತೀಶ ಗಾಬರಿಯಾಗಿ, "ಅಯ್ಯೋ ಅಂಗಲ್ಲಮ್ಮ, ಹಾಲು ಕೊಡಿ, ಲೋಟ ಕಚ್ಚೇ ಕುಡೀತೀವಿ" ಎಂದ. ಕೊಟ್ಟ ಹಾಲನ್ನು ಕುಡಿದು ಲೋಟವನ್ನು ತಾನೇ ತೊಳೆದಿಟ್ಟ. ಅದೂ ಅವಳಿಗೆ ಸೇರಲಿಲ್ಲ.

ಮಾರನೆಯ ದಿನದಿಂದ ಚಾಮುಂಡಮ್ಮ ಯುದ್ಧವನ್ನು ಅಡುಗೆಮನೆಯಿಂದಲೇ ಶುರು ಮಾಡಿದಳು. ತೆಲುಗಿನ ಹುಡುಗನ ತಟ್ಟೆಗೆ ತೆಂಗಿನಕಾಯಿ ಗಾತ್ರದ ಮುದ್ದೆ ಬಿತ್ತು. ಉಪ್ಪುಸಾರಿನ ಖಾರಕ್ಕೆ ಹತ್ತು ಮೆಣಸಿನಕಾಯಿ ಹೆಚ್ಚಿಗೆ ಅರೆದಿದ್ದಳು. ಅವನು ಮುದ್ದೆಯನ್ನು ನುಂಗುವ ಬದಲು ಅಗಿಯತೊಡಗಿ, ಹಲ್ಲಿಗೆಲ್ಲ ಅಂಟಿಸಿಕೊಂಡು ಕಣ್ಣಲ್ಲಿ ನೀರು ಸುರಿಸಿದ. ಯತೀಶ ಮಾತ್ರ ಬೆರಳಲ್ಲಿ ಮುರಿದು, ಖಾರದಲ್ಲಿ ಹೊರಳಿಸಿ, ಗುಳುಂ ಗುಳುಂ ನುಂಗಿ ಇನ್ನರ್ಧ ಕೇಳಿದ. ಊಟವಾದ ಮೇಲೆ ಪುಸ್ತಕ ತೆಗೆದು ಪಾಠ. ಪ್ರಾರ್ಥನೆ ಹೇಗೆ ಮಾಡಬೇಕು, ಹೊಗೆಸೊಪ್ಪು ಯಾಕೆ ಕೂಡದು ಎಂದೆಲ್ಲ ಹೇಳುವಾಗ ಚಾಮುಂಡಮ್ಮ ಒಳಗಿನಿಂದಲೇ, "ಒಗೆಸೊಪ್ಪಿನ್ ಅನ್ನನೇ ಕಣಪ್ಪ ನೀನೀಗ ಉಂಡಿದ್ದು" ಎಂದು ಕೂಗಿದಳು. ಪಾಪ, ಹುಡುಗ ಪುಟ ತಿರುವಿ ಮುಂದಿನ ಪಾಠಕ್ಕೆ ಹೋದ.

ಬುಧವಾರ ಬೀದಿಯ ಕಾಂತರಾಜು ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಮತಾಂತರದ ಕೇಸು ಜಡಿಸುತ್ತೇನೆ, ಬಟ್ಟೆ ಬಿಚ್ಚಿ ಹ್ಯಾಂಡ್‌ಪೋಸ್ಟ್‌ ಸರ್ಕಲ್ಲಿನವರೆಗೂ ಓಡಿಸುತ್ತೇನೆ ಎಂದು ಜಗುಲಿಯ ಮುಂದೆ ಕುಣಿದ. ಹುಡುಗರು ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು. ಚಾಮುಂಡಮ್ಮ ಸೌಟಿನ ಸಮೇತ ಹೊರಗೆ ಬಂದಳು.

"ನಮ್ಮನೆ ಜಗಳ ನಾನಾಡ್ತೀನಿ ಕಣ್ಲಾ, ನಿನ್ನ ಯಾರು ಕರುದ್ರು? ಉಣ್ಣೋರ್ ಮುಂದೆ ನಿಂತು ಬೊಗಳ್ತೀಯಲ್ಲ, ನಿಮ್ಮವ್ವ ಇದ್ನೇ ಏನ್ಲಾ ಕಲ್ಸಿರಾದು?"

ಕಾಂತರಾಜು ಗೊಣಗುತ್ತ ಹೋದ. ಯತೀಶ ಎದ್ದು ನಿಂತು, "ತುಂಬಾ ಉಪಕಾರ ಆಯ್ತಮ್ಮ" ಎಂದ. "ನಿಂಗಲ್ಲ ಕಣಪ್ಪ, ತಟ್ಟೇಲಿರಾ ಅನ್ನಕ್ಕೆ ಮರ್ಯಾದೆ ಕೊಟ್ಟಿದ್ದು. ತಿಂದು ಜಾಗ ಖಾಲಿ ಮಾಡು" ಎಂದಳು.

ಗುರುವಾರ ಬ್ಯಾರನ್ನಿಗೆ ಸೊಪ್ಪು ಏರಿಸುವ ದಿನ. ಮುರಿದು ತಂದ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ, ಎತ್ತರದ ಗೋಡೆಯ ಆ ಗೂಡಿನಲ್ಲಿ ಸಾಲಾಗಿ ತೂಗುಹಾಕಿ, ಕೆಳಗೆ ಬೆಂಕಿ ಕೊಟ್ಟು ಹದ ಮಾಡಬೇಕು. ಕೂಲಿಯವರು ಇಬ್ಬರು ಕಡಿಮೆ ಬಿದ್ದಿದ್ದರು. ಏನಾದರೂ ಕೆಲಸ ಕೊಡಿ, ಕೈಲಾದ್ದು ಮಾಡುತ್ತೇವೆ ಎಂದು ಹುಡುಗರು ದಿನಾ ಕೇಳುತ್ತಿದ್ದರಲ್ಲ, ಚಾಮುಂಡಮ್ಮ ಒಂದು ಹೊರೆ ಸೊಪ್ಪು ತಂದು ಅವರ ಮುಂದೆ ಸುರಿದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಯತೀಶ ಟೈಯನ್ನು ಅಂಗಿಯೊಳಕ್ಕೆ ತುರುಕಿ, "ಸೇದಂಗಿಲ್ಲ ಅಷ್ಟೇ, ಕಟ್ಟಂಗಿಲ್ಲ ಅಂತ ಎಲ್ಲೂ ಬರ್ದಿಲ್ಲ" ಎಂದು ಕುಕ್ಕರುಗಾಲಲ್ಲಿ ಕೂತ. ಸಂಜೆಯ ಹೊತ್ತಿಗೆ ಬಿಳಿ ಅಂಗಿ ಎಲೆಯ ಅಂಟಿನಿಂದ ಕಪ್ಪಾಗಿತ್ತು. ಮನೆಯಲ್ಲಿ ಅವ್ವ ಇದ್ದಾಳೆ, ಈ ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷ ಊರಿಗೆ ಹೋಗುವಂತಿಲ್ಲ, ವಾರಕ್ಕೊಂದು ಸಲ ಫೋನು ಅಷ್ಟೇ ಎಂದು ಕಡ್ಡಿ ಕಟ್ಟುತ್ತಲೇ ಹೇಳಿದ. "ಎತ್ತೋಳ್ ಮಕ ನೋಡ್ದೆ, ಊರ್ ಮಂದಿ ಅವ್ವಂದಿರ್ಗೆ ಪಾಠ ಯೋಳಕ್ ಬಂದವ್ನೆ" ಎಂದಳು ಅವಳು. ಅವನು ತಲೆ ತಗ್ಗಿಸಿದ. ಅವಳಿಗೆ ಹಿತವೆನಿಸಿತು, ಸುಳ್ಳೇಕೆ.

ಆಗಲೇ ಅವನು ಅವಳ ಎಡಗೈ ನೋಡಿದ್ದು. ಮಣಿಕಟ್ಟಿನಲ್ಲಿ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. "ಏನಾಯ್ತಮ್ಮ?" ಎಂದ.

"ಬ್ಯಾರನ್ ಏಣಿಯಿಂದ ಬಿದ್ದೆ."

ಏಣಿಯನ್ನು ಒದ್ದವರು ಯಾರೆಂದು ಅವಳು ಮಗನಿಗೂ ಹೇಳಿರಲಿಲ್ಲ. ಶಶಿ ಆಗ ಪಿರಿಯಾಪಟ್ಟಣದ ಹಾಸ್ಟೆಲಿನಲ್ಲಿದ್ದ. ಅಪ್ಪ ಕುಡಿಯುತ್ತಿದ್ದ ಎಂಬುದು ಅವನಿಗೆ ಗೊತ್ತು, ಕುಡಿದು ಏನು ಮಾಡುತ್ತಿದ್ದ ಎಂಬುದು ಗೊತ್ತಿಲ್ಲ. ತಂದೆಯ ಮೇಲೆ ಹಗೆ ಇಟ್ಟುಕೊಂಡು ಬೆಳೆಯಬಾರದು ಎಂದು ಅವಳೇ ಮುಚ್ಚಿಟ್ಟಿದ್ದಳು. ಬರೀ ಮುಚ್ಚಿಟ್ಟಿದ್ದರೆ ಆಗಿತ್ತು, ಹೊಗಳಿದ್ದಳು ಕೂಡ. ನಿಮ್ಮಪ್ಪನಂಥವರು ಸಿಕ್ಕುವುದಿಲ್ಲ ಕಣ್ಲಾ, ದೇವರಂಥವರು ಎಂದು ಸತ್ತ ಮೇಲೂ ಹೇಳಿದ್ದಳು. ದೇವರಂತೆ! ಆ ಮಾತಾಡಿದ ಬಾಯಿಗೆ ಹುಳ ಬೀಳಬೇಕಿತ್ತು.

ಪುಟ್ಟಸ್ವಾಮಿ ಬದುಕಿದ್ದಾಗ ಅವಳು ಹೆದರಿದ್ದು ಒಂದು ಪಾಲಾದರೆ, ಸತ್ತ ಮೇಲೆ ಹೆದರಿದ್ದು ಎರಡು ಪಾಲು. ಎರಡನೆಯ ವರ್ಷ ಎಡೆಗೆ ಬ್ರಾಂದಿ ಇಡುವುದು ತಪ್ಪಿಹೋಗಿತ್ತು. ಆಮೇಲೆ ಒಂದು ತಿಂಗಳು ಕಣ್ಣು ಮುಚ್ಚಿದರೆ ಸಾಕು, ಹೊಸಿಲಿನ ಮೇಲೆ ಕೈಗೆ ಬೆಲ್ಟು ಸುತ್ತಿಕೊಂಡು ನಿಂತಿರುತ್ತಿದ್ದ. ಅವನಿಗೆ ಬೇಕಾದ್ದನ್ನೆಲ್ಲ ಕೊಟ್ಟ ವರ್ಷ ಅವನ ಸುಳಿವೇ ಇರುತ್ತಿರಲಿಲ್ಲ. ಹೀಗಾಗಿ ಎಡೆ ಎಂದರೆ ಅವಳಿಗೆ ಭಕ್ತಿಯಲ್ಲ. ಹೊಟ್ಟೆ ತುಂಬ ಇಕ್ಕಿ ಇನ್ನೊಂದು ವರ್ಷಕ್ಕೆ ಆಚೆ ಅಟ್ಟುವ ಉಪಾಯ. ಭಾನುವಾರ ಶಶಿ ಎಡೆ ಇಡದೆ ಮೈಸೂರಿಗೆ ಹೋದನೆಂದರೆ ಮನೆಯಲ್ಲಿ ಉಳಿಯುವವಳು ತಾನೊಬ್ಬಳು.

ಶುಕ್ರವಾರ ಹುರುಳಿಕಾಳಿನ ಬಸ್ಸಾರು, ಶನಿವಾರ ಮೊಸರನ್ನ. ಬಿಸಿ ಬಿಸಿ ಮಾಡಿ ಹಾಕುವ ಮನಸ್ಸೂ ಅವಳಿಗೆ ಉಳಿದಿರಲಿಲ್ಲ. ಶನಿವಾರದ ಪಾಠಕ್ಕೆ ಅವಳು ಮನೆಯಲ್ಲಿ ಕೂರಲೂ ಇಲ್ಲ, ಬೆಂಕಿ ನೋಡುವ ನೆವ ಹೇಳಿ ಬ್ಯಾರನ್ನಿಗೆ ಹೋದಳು. ವಾಪಸು ಬರುವಾಗ ಶಶಿ ಎದುರಾಗಿ, "ನಾಳೆ ನಿಂಗೆ ಒಂದು ವಿಸ್ಯ ಯೋಳ್ತೀನವ್ವ, ಕುಸಿ ಆಯ್ತೀಯ" ಎಂದ. ಅವನ ಮುಖದಲ್ಲಿದ್ದ ಬೆಳಕು ನೋಡಿ ಅವಳು ಏನೆಂದು ಕೇಳದೆ ಒಳಗೆ ಹೋದಳು.

ಭಾನುವಾರ ಬೆಳಗ್ಗೆ ಎಂಟಕ್ಕೆ ಹುಡುಗರು ಕಾರು ಮಾಡಿಕೊಂಡು ಬಂದರು. ಚಾಮುಂಡಮ್ಮ ಕೋಳಿ ಕೂಗುವಾಗಲೇ ಎದ್ದು ಅಡುಗೆ ಮುಗಿಸಿದ್ದಳು. ನಡುಮನೆಯಲ್ಲಿ ಗಂಡನ ಫೋಟೋ, ಹೊಸ ಪಂಚೆ, ಬಾಳೆ ಎಲೆ, ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಬ್ರಾಂದಿಯ ಕ್ವಾಟ್ರು ಬಾಟಲು, ಗಾಜಿನ ಲೋಟ. ಎಲ್ಲ ಬಡಿಸಿ ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಒಳಗೆ ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಮನೆಯವರು ಊಟ ಮಾಡುವುದು.

"ಇಕ್ಬುಟ್ಟು ಎಲ್ಗಾರ ಓಗು" ಎಂದಳು ಮಗನಿಗೆ.

ಶಶಿ ಅಂಗಿಯ ತೋಳು ಮಡಚಿ ಮುದ್ದೆ ಇಟ್ಟ, ಸಾರು ಬಿಟ್ಟ, ಕಜ್ಜಾಯ ಇಟ್ಟ. ಬಾಟಲಿಗೆ ಕೈ ಹಾಕಲಿಲ್ಲ. "ಇದ್ನ ನಾನು ಇನ್ನ ಮುಟ್ಟಕಿಲ್ಲ ಕಣವ್ವ. ಅಪ್ಪಂಗೂ ಇನ್ನ ಇದು ಬೇಕಾಗಲ್ಲ. ನಾನು ಅವ್ರ ಎಸ್ರು ಬರ್ಸಿವ್ನಿ."

"ಎಲ್ಲಿ ಬರ್ಸಿದ್ದೀಯ?"

ಬಾಗಿಲಲ್ಲಿ ನಿಂತಿದ್ದ ಯತೀಶ ಸಂತೋಷದಿಂದ ಒಂದು ಹೆಜ್ಜೆ ಮುಂದೆ ಬಂದ. ಸತ್ತವರ ಹೆಸರಿನಲ್ಲಿ ಬದುಕಿರುವವರು ಮುಳುಗಬಹುದು, ಒಪ್ಪುವುದು ಬಿಡುವುದು ಸತ್ತವರಿಗೆ ಬಿಟ್ಟದ್ದು, ಮುಂದೆ ಶಶಿಯೇ ಅಪ್ಪನ ಪರವಾಗಿ ಆ ಕೆಲಸ ಮಾಡುತ್ತಾನೆ ಎಂದು ಬಿಡಿಸಿ ಹೇಳಿದ. ಒಂದು ವಾರ ಅವಳ ಬೈಗುಳ ಉಂಡವನಿಗೆ ಕೊನೆಗೂ ಅವಳಿಗೊಂದು ಸಿಹಿ ಸುದ್ದಿ ಕೊಡುವ ಹೊತ್ತು ಬಂದಿತ್ತು. "ಆಮೇಲೆ ನಮ್ಮ ಸಭೆಯ ದೇವಾಲಯದಲ್ಲಿ ನಿಮ್ಮಿಬ್ರನ್ನೂ ಒಂದು ಮಾಡ್ತಾರಮ್ಮ. ಸಾವು ಕೂಡ ಬೇರೆ ಮಾಡಕ್ಕಾಗಲ್ಲ. ನೀವು, ನಿಮ್ಮ ಯಜಮಾನ್ರು, ಎಂದೆಂದಿಗೂ ಜೊತೇಲೇ ಇರ್ತೀರ."

"ನಿಂಗೋಸ್ಕರನೇ ಕಣವ್ವ ಬರ್ಸಿದ್ದು" ಎಂದ ಶಶಿ.

ಚಾಮುಂಡಮ್ಮನ ಬಾಯಿಂದ ಹೊರಟ ಕೂಗಿಗೆ ಕಾರಿನ ಡ್ರೈವರ್ ಇಳಿದು ನಿಂತ.

"ಎಂದೆಂದ್ಗೂವಾ? ಯಾರ್ಲಾ ಕೇಳಿದ್ದು ನಿಮ್ಮನ್ನ? ಇಪ್ಪತ್ತೆಂಟು ವರ್ಸ ಸಾಲ್ದೇನ್ಲಾ?" ಎಡಗೈಯನ್ನು ಮಗನ ಮುಖಕ್ಕೆ ಹಿಡಿದಳು. "ಏಣಿಯಿಂದ ಬಿದ್ದಿದ್ದಲ್ಲ ಕಣ್ಲಾ ಇದು. ನಿಮ್ಮಪ್ಪ ಏಣಿ ಒದ್ದಿದ್ದು. ನಾನು ಬಿದ್ದು ಒದ್ದಾಡ್ತಿದ್ರೆ ಅಲ್ಲೇ ಕುಂತು ಬೀಡಿ ಸೇದ್ದ. ನಾನು ಎಡೆ ಇಕ್ಕಾದು ಬಾ ಅಂತ ಅಂದ್ಕಂಡ್ಯಾ? ಉಂಡು ಕುಡ್ದು ಓಗು ಅಂತ ಕಣೋ, ಈ ಕಡೆ ತಲೆ ಆಕ್ಬ್ಯಾಡ ಅಂತ! ನೀವು ಅವ್ನ ತೊಳ್ದು ಮಡಿ ಮಾಡಿ ವಾಪಸ್ ಕರ್ಕಬಂದು ನನ್ ಕುತ್ಗೆಗೆ ಕಟ್ತೀರಾ?"

ಯತೀಶ ಏನೋ ಹೇಳಲು ಹೋದ. "ನೀನು ಬಾಯ್ ಮುಚ್ಚು" ಎಂದಳು. "ಎಸ್ರು ತೆಗಿ ಮೊದ್ಲು."

ಅವನು ಫೋನು ತೆಗೆದ. ಸತ್ತವರ ಹೆಸರಿನ ಪಟ್ಟಿ ಹುಡುಕಿ ಅಳಿಸಿದ. ತೆಗೆದೆ ಎಂದಾಗ ಅವಳು ನಂಬಲಿಲ್ಲ, ಶಶಿಯ ಕೈಗೆ ಫೋನು ಕೊಡಿಸಿ ಓದಿಸಿದಳು. ಶಶಿ ಓದಿ ನೋಡಿ, ಇಲ್ಲ ಎಂದು ತಲೆಯಾಡಿಸಿದ. ಫೋನನ್ನು ಹಿಂದಕ್ಕೆ ಕೊಟ್ಟು ಬಹಳ ಹೊತ್ತು ಅವ್ವನ ಮಣಿಕಟ್ಟನ್ನೇ ನೋಡಿದ. ಆಮೇಲೆ ಬಗ್ಗಿ ಬಾಟಲಿನ ಮುಚ್ಚಳ ತಿರುವಿ, ಒಂದು ತೊಟ್ಟೂ ಉಳಿಸದೆ ಲೋಟಕ್ಕೆ ಸುರಿದ. ಬೀಡಿ ಕಟ್ಟನ್ನು ಬಿಚ್ಚಿಟ್ಟ. ಧೂಪ ಹಾಕಿದ. ಅಪ್ಪನ ಫೋಟೋಗೆ ಕೈ ಮುಗಿಯಲಿಲ್ಲ. ಹೊರಗೆ ಬಂದು ಬಾಗಿಲನ್ನು ಎಳೆದು ಮುಚ್ಚಿದ.

ನಾಲ್ವರೂ ಜಗುಲಿಯಲ್ಲಿ ಕೂತರು. ತೆಲುಗಿನ ಹುಡುಗ ಟೈ ಸಡಿಲ ಮಾಡಿಕೊಂಡು ನೆಲ ನೋಡುತ್ತಿದ್ದ. ಯತೀಶ, "ತಪ್ಪಾಯ್ತು ಅವ್ವ" ಎಂದ, ಅಮ್ಮ ಅನ್ನಲಿಲ್ಲ. ಅವಳು ಅವನ ಕಡೆ ತಿರುಗಲಿಲ್ಲ. ತಪ್ಪಾಯ್ತು ಎಂದವರನ್ನೆಲ್ಲ ಕ್ಷಮಿಸಿ ಕ್ಷಮಿಸಿಯೇ ತನ್ನ ಕೈ ಸೊಟ್ಟಗಾದದ್ದು ಎಂದು ಅವಳಿಗೆ ಗೊತ್ತಿತ್ತು.

ಡ್ರೈವರ್ ಹಾರನ್ ಮಾಡಿದ. ಶಶಿ ಎದ್ದು ನಿಂತ, ಮತ್ತೆ ಕೂತ.

"ನಾನು ಓಗ್ಲಾ, ಬ್ಯಾಡ್ವಾ ಅವ್ವ?"

"ಓಗು, ಬುಡು, ಅದು ನಿನ್ನಿಷ್ಟ. ಯಾವ್ ನೀರಾಗ್ ಬೇಕಾರೂ ಮುಳುಗು" ಎಂದಳು. ಅವಳ ದನಿಯಲ್ಲಿ ಕೂಗು ಇರಲಿಲ್ಲ. ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿ, ಮಗನ ಕೈ ಹಿಡಿದುಕೊಂಡಳು. "ಒಂದ್ ಮಾತ್ ಮಾತ್ರ ಕೊಡು. ನಾನು ಸತ್ ಮ್ಯಾಕೆ ನಂಗೆ ಎಡೆ ಇಕ್ಕಿದ್ರೆ ಇಕ್ಕು, ಇಕ್ದಿದ್ರೆ ಬುಡು. ಇಕ್ಕಾದಾದ್ರೆ ನನ್ ಎಲೆ ಈ ಜಗ್ಲಿ ಮ್ಯಾಲೆ ಆಕು. ಅವ್ನ ಪಕ್ಕ ಆಕಿ, ನಮ್ಮಿಬ್ರುನ್ನೂ ಒಳ್ಗೆ ಬುಟ್ಟು ಬಾಗ್ಲು ಮುಚ್ಬ್ಯಾಡ ಕಣ್ಲಾ ಮಗ."